ಒಣಗುವ ಎಣ್ಣೆ, ಒಣಗದ ಎಣ್ಣೆ

ನಾಲ್ಕು ವರ್ಷದ ಕೆಳಗೆ ಹುಣಸೆ ಹಲಗೆಯಲ್ಲಿ ಒಂದು ಚಪಾತಿ ಮಣೆ ಮಾಡಿಸಿದ್ದೆ. ಹೊಸ ಮರ, ಬಿಳಿಚಿಕೊಂಡಿತ್ತು. ಸ್ವಲ್ಪ ಮಿರುಗಲಿ ಎಂದು ಮನೆಯಲ್ಲಿದ್ದ ಗಾಣದ ಕಡಲೆಕಾಯಿ ಎಣ್ಣೆಯನ್ನೇ ಧಾರಾಳವಾಗಿ ಸವರಿ ಬಿಸಿಲಿಗಿಟ್ಟೆ. ಸಂಜೆ ಅದರ ಬಣ್ಣ ನೋಡಿ ಖುಷಿಯೂ ಆಯಿತು. ವಾರ ಕಳೆದರೂ ಕೈಗೆ ಜಿಡ್ಡು ಹತ್ತುತ್ತಲೇ ಇತ್ತು. ತಿಂಗಳು ತುಂಬುವುದರೊಳಗೆ ಹಿಟ್ಟು, ಧೂಳು, ಒಂದೆರಡು ಇರುವೆ ಎಲ್ಲ ಸೇರಿ ಕಂದು ಬಣ್ಣದ ಅಂಟು ಕೂತಿತು. ಮೂಗಿನ ಹತ್ತಿರ ಹಿಡಿದರೆ ಹಳೇ ಹಪ್ಪಳದ ಕಮಟು. ಹೊಸದುರ್ಗದ ಕಡೆಯ ಬಡಗಿಯೊಬ್ಬರಿಗೆ ತೋರಿಸಿದಾಗ ಅವರು ಉಗುರಿನಿಂದ ಒಮ್ಮೆ ಕೆರೆದು, "ಇದು ನಾವು ತಿನ್ನೋ ಎಣ್ಣೆ ಸಾರ್. ಮರ ತಿನ್ನೋ ಎಣ್ಣೆ ಬ್ಯಾರೆ ಐತೆ" ಅಂದರು.

ಚಿತ್ರದುರ್ಗ ಜಿಲ್ಲೆಯವನಿಗೆ ಎಣ್ಣೆಯ ಬಗ್ಗೆ ಪಾಠ ಹೇಳಿಸಿಕೊಳ್ಳುವುದು ಸ್ವಲ್ಪ ಅವಮಾನದ ವಿಷಯ. ಪಕ್ಕದ ಚಳ್ಳಕೆರೆಗೆ ಎಣ್ಣೆ ನಗರಿ ಎಂದೇ ಹೆಸರು. ಚಿತ್ರದುರ್ಗದ ಕೋಟೆ ನೋಡಲು ಹೋದವರಿಗೆ ಎಣ್ಣೆ ಕೊಳ, ತುಪ್ಪದ ಕೊಳ ಎಂದು ತೋರಿಸುತ್ತಾರೆ. ಶೇಂಗಾ ಬಿತ್ತುವ, ಸೂರ್ಯಕಾಂತಿ ಬೆಳೆಯುವ, ತೆಂಗು ಕೆಡವುವ ಊರುಗಳು ನಮ್ಮವು. ಆದರೂ ಮರಗೆಲಸದ ಮಟ್ಟಿಗೆ ನಮ್ಮಲ್ಲಿ ಹೇರಳವಾಗಿ ಸಿಗುವ ಎಣ್ಣೆಗಳೇ ಕೆಲಸಕ್ಕೆ ಬಾರದವು. ಮರಕ್ಕೆ ಬೇಕಾದ ಎಣ್ಣೆ ಇರುವುದು ನಾವು ಚಟ್ನಿಪುಡಿಗೆ ಮಾತ್ರ ನೆನಪಿಸಿಕೊಳ್ಳುವ ಅಗಸೆ ಬೀಜದಲ್ಲಿ.

ಮೊದಲು ಒಣಗುವುದು ಎಂದರೇನು ಎಂದು ನೋಡೋಣ. ಹೊಳಲ್ಕೆರೆಯ ಕಡೆ ಅಡಿಕೆ ಬೇಯಿಸಿ ಅಂಗಳದಲ್ಲಿ ಹರವುತ್ತಾರಲ್ಲ, ಅದು ಒಣಗುವುದು ಒಳಗಿನ ನೀರು ಹೊರಗೆ ಹೋಗುವುದರಿಂದ. ಒಣಗಿದಷ್ಟೂ ತೂಕ ಕಡಿಮೆ. ಎಣ್ಣೆಯಲ್ಲಿ ಹೊರಗೆ ಹೋಗಲು ನೀರೇ ಇಲ್ಲ. ಅಗಸೆ ಎಣ್ಣೆ ಗಾಳಿಯಲ್ಲಿರುವ ಆಮ್ಲಜನಕವನ್ನು ಒಳಗೆ ಎಳೆದುಕೊಳ್ಳುತ್ತದೆ. ಎಳೆದುಕೊಂಡಂತೆಲ್ಲ ಅದರ ಕಣಗಳು ಒಂದರ ಕೈ ಒಂದು ಹಿಡಿದು ಬಲೆಯಂತೆ ಹೆಣೆದುಕೊಳ್ಳುತ್ತವೆ, ಕೊನೆಗೆ ದ್ರವ ಹೋಗಿ ಗಟ್ಟಿ ಪದರವಾಗುತ್ತದೆ. ಹಾಗಾಗಿ ಅದರ ತೂಕ ಶುರುವಿನಲ್ಲಿ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಅಡಿಕೆ ಒಣಗುವುದು ಬಿಡುವುದರಿಂದ, ಎಣ್ಣೆ ಒಣಗುವುದು ಹೀರುವುದರಿಂದ. ಇದೊಂದು ತಲೆಯಲ್ಲಿದ್ದರೆ ಮುಂದಿನ ಅರ್ಧ ತಪ್ಪುಗಳು ತಾವಾಗಿಯೇ ತಪ್ಪುತ್ತವೆ.

ಎಲ್ಲ ಎಣ್ಣೆಗೂ ಈ ಹೀರುವ ಗುಣ ಒಂದೇ ಥರ ಇಲ್ಲ. ಅದನ್ನು ಅಳೆಯಲು ರಸಾಯನಶಾಸ್ತ್ರದವರು ಅಯೋಡಿನ್ ಸಂಖ್ಯೆ ಎಂಬುದೊಂದನ್ನು ಬಳಸುತ್ತಾರೆ. ಅಗಸೆ ಎಣ್ಣೆಯದು ಸುಮಾರು 170ರಿಂದ 200. ಕುಸುಬೆಯದು 140ರ ಆಸುಪಾಸು, ಸೂರ್ಯಕಾಂತಿ ಮತ್ತು ಹುಚ್ಚೆಳ್ಳು ಅದಕ್ಕಿಂತ ಸ್ವಲ್ಪ ಕೆಳಗೆ. ಕಡಲೆಕಾಯಿ ಎಣ್ಣೆ 100ರ ಒಳಗೆ, ಹರಳೆಣ್ಣೆಯೂ ಹೊಂಗೆ ಎಣ್ಣೆಯೂ ಅದೇ ಸಾಲಿನಲ್ಲಿ. ತೆಂಗಿನೆಣ್ಣೆಗೆ ಬಂದರೆ ಹತ್ತನ್ನೂ ಮುಟ್ಟುವುದು ಕಷ್ಟ. ಸಂಖ್ಯೆ ದೊಡ್ಡದಿದ್ದಷ್ಟೂ ಬೇಗ ಒಣಗುತ್ತದೆ; 130 ದಾಟಿದ ಮೇಲೆ ಮರಕ್ಕೆ ಆಸೆಯಿದೆ ಎನ್ನಬಹುದು. ಹೊಸದುರ್ಗದ ತೆಂಗಿನ ತೋಟದವರು ಬೇಜಾರು ಮಾಡಿಕೊಳ್ಳಬಾರದು, ಅವರ ಎಣ್ಣೆ ಮರದ ಮೇಲೆ ಎಂದೆಂದಿಗೂ ಒಣಗುವುದಿಲ್ಲ. ಚಳಿಗೆ ಬಾಟಲಿಯಲ್ಲಿ ಹೆಪ್ಪುಗಟ್ಟುವುದು ಬೇರೆ ಸಂಗತಿ. ಬಿಸಿಲು ಬಂದರೆ ಮತ್ತೆ ಕರಗುತ್ತದೆ. ಒಣಗಿದ ಅಗಸೆ ಎಣ್ಣೆ ಯಾವ ಬಿಸಿಲಿಗೂ ಮತ್ತೆ ದ್ರವವಾಗುವುದಿಲ್ಲ.

ಈ ಸಂಖ್ಯೆಗಳು ಗೊತ್ತಿಲ್ಲದೆಯೂ ನಮ್ಮ ಹಿರಿಯರು ಸರಿಯಾಗಿಯೇ ಆರಿಸುತ್ತಿದ್ದರು. ಎತ್ತಿನಗಾಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆ ನೆನಪಿದೆಯೇ? ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ, ಬಿದಿರಿನ ಗೊಟ್ಟದಲ್ಲೋ ಕೊಂಬಿನಲ್ಲೋ ತುಂಬಿ, ಗಾಡಿಯ ಕೆಳಗೆ ತೂಗುಹಾಕುತ್ತಿದ್ದರು. ಅಲ್ಲಿ ಅಗಸೆ ಎಣ್ಣೆ ಹಾಕಿದ್ದರೆ ಸಂತೆಗೆ ಹೋದ ಗಾಡಿ ವಾಪಸು ಬರುವುದರೊಳಗೆ ಅಚ್ಚು ಅಂಟು ಕಟ್ಟುತ್ತಿತ್ತು. ಕೀಲಿಗೆ ಒಣಗದ ಎಣ್ಣೆಯೇ ಬೇಕು. ಮಾಳಿಗೆ ಮನೆಯ ತೊಲೆ ಜಂತೆಗಳಿಗೆ ಹೊಂಗೆ ಎಣ್ಣೆ ಬಳಿಯುತ್ತಿದ್ದುದೂ ಹೊಳಪಿಗಲ್ಲ, ಗೆದ್ದಲು ಬಾರದಿರಲಿ ಎಂದು. ಅಲ್ಲಿ ಯಾರೂ ಕೈಯಿಟ್ಟು ನೋಡುವುದಿಲ್ಲ, ಅದರ ಮೇಲೆ ಒಲೆಯ ಹೊಗೆ ಬೇರೆ. ತಪ್ಪು ಮಾಡಿದವನು ನಾನು, ಅಚ್ಚಿನ ಜಾತಿಯ ಎಣ್ಣೆಯನ್ನು ಮಣೆಗೆ ಹಚ್ಚಿದೆ.

ನನ್ನ ಮಾತು ನಂಬಬೇಡಿ, ಮನೆಯಲ್ಲೇ ನೋಡಿ. ಒಂದು ಹಳೇ ಗಾಜಿನ ತುಂಡು ಅಥವಾ ಉಳಿದ ಟೈಲ್ಸ್ ತೆಗೆದುಕೊಳ್ಳಿ. ಕಡಲೆಕಾಯಿ, ತೆಂಗು, ಸೂರ್ಯಕಾಂತಿ, ಕುಸುಬೆ, ಅಗಸೆ ಒಂದೊಂದು ತೊಟ್ಟು ಸಾಲಾಗಿ ಹಾಕಿ, ಬೆರಳಿನಿಂದ ತೆಳ್ಳಗೆ ಹರಡಿ, ಪ್ರತಿಯೊಂದರ ಕೆಳಗೂ ಹೆಸರು ಬರೆದು ಕಿಟಕಿಯ ಬಳಿ ಇಡಿ. ದಿನಕ್ಕೊಮ್ಮೆ ಮುಟ್ಟಿ. ನನ್ನ ಕಿಟಕಿಯಲ್ಲಿ ಅಗಸೆ ಮೊದಲು ಎಳೆಎಳೆಯಾಗಿ ಅಂಟಿತು, ಆಮೇಲೆ ಚರ್ಮ ಕಟ್ಟಿತು. ಕುಸುಬೆ ನಿಧಾನವಾಗಿ ಅದರ ಹಿಂದೆ ಬಂತು. ಸೂರ್ಯಕಾಂತಿ ಬಹಳ ದಿನ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತಿತ್ತು. ತೆಂಗಿನದು ಹಾಕಿದ ದಿನ ಹೇಗಿತ್ತೋ ಹಾಗೇ ಇತ್ತು. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಇದನ್ನು ಮಾಡಿದರೆ ವಿಜ್ಞಾನದ ಒಂದು ಅಧ್ಯಾಯ ಮುಗಿದಂತೆ.

ಅಗಸೆ ಎಣ್ಣೆಯ ಈ ಗುಣವನ್ನು ಯುರೋಪಿನ ಚಿತ್ರಕಾರರು ಶತಮಾನಗಳ ಕಾಲ ಬಳಸಿಕೊಂಡರು. ಆದರೆ ಒಣಗುವ ಎಣ್ಣೆಯಲ್ಲಿ ಬಣ್ಣ ಕಲಸುವ ವಿದ್ಯೆ ಅವರದೇ ಎಂಬ ನಂಬಿಕೆ 2008ರಲ್ಲಿ ಸಡಿಲವಾಯಿತು. ಅಫ್ಗಾನಿಸ್ತಾನದ ಬಾಮಿಯಾನ್ ಗುಹೆಗಳಲ್ಲಿರುವ ಏಳನೇ ಶತಮಾನದ ಬೌದ್ಧ ಭಿತ್ತಿಚಿತ್ರಗಳ ಚೂರುಗಳನ್ನು ಫ್ರಾನ್ಸಿನ ಗ್ರೆನೋಬಲ್ ನಗರದ ಸಿಂಕ್ರೊಟ್ರಾನ್ ಕೇಂದ್ರದಲ್ಲಿ ಪರೀಕ್ಷಿಸಿದಾಗ ಒಣಗುವ ಎಣ್ಣೆ ಸಿಕ್ಕಿತು, ಬಹುಶಃ ಅಕ್ರೋಟಿನದೋ ಗಸಗಸೆಯದೋ. ಎಣ್ಣೆ ಹಾಕುವುದು ವಿಲಾಯಿತಿ ಶೋಕಿ ಎನ್ನುವವರಿಗೆ ಇಷ್ಟು ಸಾಕು.

ಈಗ ಅಂಗಡಿಗೆ ಹೋಗೋಣ. ಹಾರ್ಡ್‌ವೇರ್ ಅಂಗಡಿಯಲ್ಲಿ ಲಿನ್ಸೀಡ್ ಆಯಿಲ್, ಅಂದರೆ ಅಗಸೆ ಎಣ್ಣೆ, ಕೇಳಿದರೆ ಸಾಮಾನ್ಯವಾಗಿ ಕೊಡುವುದು ಡಬಲ್ ಬಾಯ್ಲ್ಡ್ ಎಂಬುದನ್ನು. ಹೆಸರಿಗೆ ಕುದಿಸಿದ್ದು, ಬೇಗ ಒಣಗಲೆಂದು ಅದರೊಳಗೆ ಕೋಬಾಲ್ಟ್, ಮ್ಯಾಂಗನೀಸಿನಂಥ ಲೋಹದ ಲವಣ ಸೇರಿಸಿರುತ್ತಾರೆ. ಕುರ್ಚಿ, ಕಪಾಟು, ಬಾಗಿಲಿಗೆ ಅದು ಸರಿ. ಮುದ್ದೆ ಕೋಲು, ಚಪಾತಿ ಮಣೆ, ಲಟ್ಟಣಿಗೆ, ಮಗುವಿನ ಆಟಿಕೆಗೆ ಬೇಡ. ಅವಕ್ಕೆ ಅಡುಗೆಗೆ ಬಳಸುವ, ಏನೂ ಬೆರೆಸದ ಹಸಿ ಅಗಸೆ ಎಣ್ಣೆ ತನ್ನಿ, ಬದಲಿಗೆ ತಾಳ್ಮೆಯನ್ನೂ ತನ್ನಿ. ಬಾಯ್ಲ್ಡ್ ಒಂದೆರಡು ದಿನಕ್ಕೆ ಕೈಗೆ ಹತ್ತದಂತಾದರೆ ಹಸಿಯದು ವಾರ ಬೇಡುತ್ತದೆ. ಕ್ರಿಕೆಟ್ ಆಡಿದ ಹುಡುಗರಿಗೆ ಅಗಸೆ ಎಣ್ಣೆ ಹೊಸದಲ್ಲ. ಬ್ಯಾಟಿಗೆ ಕುಡಿಸುತ್ತಿದ್ದುದು ಇದನ್ನೇ. ಆಟದ ಸಾಮಾನಿನ ಅಂಗಡಿಯ ಪುಟ್ಟ ಸೀಸೆ ದುಬಾರಿ, ಆದರೆ ಒಂದು ಕೋಲಿಗೆ ಸಾಕು ಎನ್ನುವವರು ಅಲ್ಲಿಂದಲೂ ಶುರು ಮಾಡಬಹುದು; ಅದು ಹಸಿಯದೋ ಬಾಯ್ಲ್ಡೋ ಎಂದು ಓದಿ ನೋಡಿ.

ಮರದ ವಿಷಯದಲ್ಲಿ ನಮ್ಮ ಬಯಲುಸೀಮೆಗೆ ಬಡತನವಿಲ್ಲ. ಬೇವು, ಹುಣಸೆ, ಕರಿಜಾಲಿ, ಮಾವು ಕೈಗೆಟಕುತ್ತವೆ. ಅಡಿಕೆ ತೋಟದ ಕಡೆ ಸಿಲ್ವರ್ ಓಕ್ ಇದೆ. ಹಿರಿಯೂರಿನಿಂದಾಚೆ ಹಾದಿಬದಿಯಲ್ಲೆಲ್ಲ ಬೆಳೆದು, ಎಲ್ಲರಿಂದ ಬೈಸಿಕೊಂಡು, ಇದ್ದಿಲಾಗಿ ಮುಗಿಯುವ ಬಳ್ಳಾರಿ ಜಾಲಿಯ ದಪ್ಪ ಕೊರಡು ಸಿಕ್ಕರೆ ಬಿಡಬೇಡಿ. ಅದರ ಒಳಮರ ಗಟ್ಟಿ, ಕೆಂಗಂದು, ಒಣಗಿದ ಮೇಲೆ ಸೊಟ್ಟಗಾಗುವುದು ಬಹಳ ಕಡಿಮೆ. ಎಣ್ಣೆ ಬಿದ್ದಾಗ ಅದು ತೋರಿಸುವ ಬಣ್ಣ ನೋಡಿದರೆ ಈ ಮರವನ್ನು ಒಲೆಗೆ ಹಾಕಿದ್ದಕ್ಕೆ ಪಶ್ಚಾತ್ತಾಪವಾಗುತ್ತದೆ. ತೇಗ ಮತ್ತು ಬೀಟೆಯಿಂದ ಮಾತ್ರ ಕಲಿಕೆ ಶುರುಮಾಡಬೇಡಿ. ಅವುಗಳ ಒಳಗೇ ಇರುವ ರಸಗಳು ಎಣ್ಣೆ ಒಣಗುವುದನ್ನು ತಡೆಯುತ್ತವೆ. ಹಚ್ಚಲೇಬೇಕಿದ್ದರೆ ಮೊದಲು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ ಎಣ್ಣೆ ಹಾಕಬೇಕು. ಮರ ಯಾವುದೇ ಇರಲಿ, ಹಸಿ ಇರಬಾರದು. ನೀರು ಕುಡಿದು ಕೂತ ಮರಕ್ಕೆ ಎಣ್ಣೆ ಕುಡಿಯಲು ಜಾಗವಿಲ್ಲ.

ಮೊದಲ ಕೆಲಸಕ್ಕೆ ನಾನು ಸೂಚಿಸುವುದು ಮುದ್ದೆ ಕೋಲು. ಚಿಕ್ಕದು, ಕೆಟ್ಟರೆ ನಷ್ಟವಿಲ್ಲ, ನೆಟ್ಟಗಾದರೆ ಮನೆಯವರೆಲ್ಲ ನೋಡುತ್ತಾರೆ. ಉಪ್ಪುಕಾಗದ, ಅಂದರೆ ಸ್ಯಾಂಡ್ ಪೇಪರಿನಲ್ಲಿ 80, 120, 180, 220 ಹೀಗೆ ಒರಟಿನಿಂದ ನುಣುಪಿಗೆ, ಮರದ ಎಳೆ ಹೋದ ದಿಕ್ಕಿಗೇ ಉಜ್ಜಿ. ಅಡ್ಡ ಉಜ್ಜಿದ ಗೀರು ಬರಿಗಣ್ಣಿಗೆ ಕಾಣದಿದ್ದರೂ ಎಣ್ಣೆ ಬಿದ್ದ ಕೂಡಲೇ ಎದ್ದು ಕಾಣುತ್ತದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ ಒಣಗಲು ಬಿಡಿ. ಮಲಗಿದ್ದ ನಾರು ಎದ್ದು ನಿಂತು ಮರ ಒರಟಾಗುತ್ತದೆ. 220ರಲ್ಲಿ ಹಗುರವಾಗಿ ಇನ್ನೊಮ್ಮೆ ಉಜ್ಜಿ. ಈ ಹೆಜ್ಜೆ ಬಿಟ್ಟರೆ ಮೊದಲ ಸಲ ತೊಳೆದಾಗಲೇ ಕೋಲು ಗರಗರ ಎನ್ನುತ್ತದೆ.

ಎಣ್ಣೆ ಹಚ್ಚುವುದು ಐದು ನಿಮಿಷದ ಕೆಲಸ. ಹಳೇ ಪಂಚೆಯ ತುಂಡಿನಲ್ಲಿ ಸವರಿ, ಮರ ಒದ್ದೆಯಾಗಿ ಕಾಣಬೇಕು. ಅಡ್ಡ ಕೊಯ್ದ ತುದಿಗಳು ಹೆಚ್ಚು ಕುಡಿಯುತ್ತವೆ, ಅಲ್ಲಿ ಇನ್ನೊಂದೆರಡು ಸಲ ಕೊಡಿ. ಕುರ್ಚಿ ಮೇಜುಗಳಿಗೆ ಮೊದಲ ಕೋಟಿನಲ್ಲಿ ಎಣ್ಣೆಗೆ ಸಮವಾಗಿ ಟರ್ಪೆಂಟೈನ್ ಬೆರೆಸಿದರೆ ಆಳಕ್ಕಿಳಿಯುತ್ತದೆ, ಮುದ್ದೆ ಕೋಲಿಗೆ ಅದೂ ಬೇಡ. ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ ಬಿಡಿ. ಆಮೇಲೆ ಒಣ ಬಟ್ಟೆ ತೆಗೆದುಕೊಂಡು ಒರೆಸಿ ತೆಗೆಯಿರಿ.

ಹೌದು, ಹಚ್ಚಿದ್ದನ್ನು ಒರೆಸಬೇಕು. ಹೊಸಬರು ಸೋಲುವುದು ಇಲ್ಲೇ. ದುಡ್ಡು ಕೊಟ್ಟು ತಂದ ಎಣ್ಣೆ, ಒರೆಸಲು ಮನಸ್ಸು ಬಾರದು; ದಪ್ಪಗಿದ್ದರೆ ಗಟ್ಟಿ ಎಂಬ ನಂಬಿಕೆ ಬೇರೆ. ಬಣ್ಣದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದಪ್ಪ ಪದರದ ಮೇಲುಭಾಗ ಗಾಳಿ ಹೀರಿ ಚರ್ಮ ಕಟ್ಟುತ್ತದೆ, ಆ ಚರ್ಮವೇ ಕೆಳಗಿನ ಎಣ್ಣೆಗೆ ಗಾಳಿ ಹೋಗದಂತೆ ಮುಚ್ಚಳವಾಗುತ್ತದೆ. ಹಾಲಿನ ಕೆನೆಯ ಕೆಳಗೆ ಹಾಲು ಇದ್ದಂತೆ, ಮೇಲೆ ಸುಕ್ಕು, ಒಳಗೆ ಹಸಿ. ಮರ ತಾನು ಕುಡಿದದ್ದನ್ನು ಇಟ್ಟುಕೊಳ್ಳಲಿ, ಮೇಲೆ ಉಳಿದದ್ದೆಲ್ಲ ಬಟ್ಟೆಗೆ ಬರಲಿ. ಒರೆಸಿದ ಮೇಲೆ ಕಾಗದದ ತುಂಡು ಒತ್ತಿ ನೋಡಿ, ಎಣ್ಣೆಯ ಗುರುತು ಬಿದ್ದರೆ ಇನ್ನೂ ಒರೆಸುವುದಿದೆ. ಒಂದು ಗಂಟೆ ಬಿಟ್ಟು ಮತ್ತೆ ಬನ್ನಿ, ಅಲ್ಲಲ್ಲಿ ಸಣ್ಣ ಹನಿಗಳು ಬೆವರಿನಂತೆ ಹೊರಬಂದಿರುತ್ತವೆ. ಅವನ್ನೂ ಒರೆಸಿ.

ಒಣಗಿಸುವ ವಿಷಯಕ್ಕೆ ನಮ್ಮ ಎಲ್ಲ ತಾಲ್ಲೂಕುಗಳಿಗೂ ಒಂದೇ ಸಲಹೆ ಕೊಡಲಾಗುವುದಿಲ್ಲ. ಮಳೆ ನೆರಳಿನ ಜಿಲ್ಲೆ ಎಂಬುದು ಒಟ್ಟಾರೆ ಅನುಕೂಲವೇ, ಬೆಚ್ಚಗಿನ ಒಣಗಾಳಿ, ಬೆಳಕು ಈ ಎಣ್ಣೆಗೆ ಪ್ರಿಯ. ಆದರೆ ಹಿರಿಯೂರಿನ ಚೈತ್ರ ವೈಶಾಖದ ಬಿಸಿಲಿಗೆ ಮರವನ್ನು ನೇರ ಒಡ್ಡಿದರೆ ಎಣ್ಣೆ ಒಣಗುವ ಮೊದಲೇ ಹಲಗೆ ಸೀಳುತ್ತದೆ. ಬಿಸಿಗೆ ರಂಧ್ರಗಳಿಂದ ಎಣ್ಣೆ ಉಕ್ಕಿ ಮೇಲೆ ಮಣಿಮಣಿಯಾಗಿ ಗಟ್ಟಿಯಾಗುವುದೂ ಉಂಟು. ಪಡಸಾಲೆಯ ನೆರಳು, ಬೆಳಕು ಬರುವ ಕಿಟಕಿ ಸಾಕು. ಹೆದ್ದಾರಿ 48ರ ಪಕ್ಕದ ಮನೆಯವರಿಗೆ ಧೂಳಿನ ಕಾಟ ವರ್ಷವಿಡೀ. ಚಿತ್ರದುರ್ಗದಲ್ಲಿ ಆಷಾಢದ ಗಾಳಿ ಹೇಗಿರುತ್ತದೆ ಎಂಬುದಕ್ಕೆ ಗುಡ್ಡದ ಮೇಲಿನ ಗಾಳಿಯಂತ್ರಗಳೇ ಸಾಕ್ಷಿ. ಗಾಳಿ ಬೀಸಿದರೆ ಎಣ್ಣೆ ಬೇಗ ಒಣಗುತ್ತದೆ, ಅದು ತರುವ ಮಣ್ಣೂ ಅಷ್ಟೇ ಬೇಗ ಅಂಟುತ್ತದೆ. ಮೊದಲ ಏಳೆಂಟು ಗಂಟೆ ಗಾಳಿ ಬರುವ ಕಡೆಯ ಕಿಟಕಿ ಮುಚ್ಚಿ, ಎದುರಿನದು ಮಾತ್ರ ತೆರೆದಿಟ್ಟರೆ ಎರಡನ್ನೂ ಸಂಭಾಳಿಸಬಹುದು. ಹೊಳಲ್ಕೆರೆಯ ತೋಟದ ಮನೆಗಳಲ್ಲಿ ಜಿಟಿಜಿಟಿ ಮಳೆ ಹಿಡಿದಾಗ ಒಂದು ದಿನದ ಕೆಲಸಕ್ಕೆ ಮೂರು ದಿನ ಎಂದಿಟ್ಟುಕೊಳ್ಳಿ. ದೀಪಾವಳಿ ಕಳೆದ ಮೇಲೆ ಶಿವರಾತ್ರಿಯವರೆಗೆ ಎಲ್ಲ ಊರಿಗೂ ಒಳ್ಳೆಯ ಕಾಲ. ಕತ್ತಲೆ ಕೋಣೆಯಲ್ಲಂತೂ ಇಡಬೇಡಿ. ಒಣಗುವುದು ನಿಧಾನ, ಅಗಸೆ ಎಣ್ಣೆ ಕತ್ತಲಲ್ಲಿ ಹಳದಿಗೂ ತಿರುಗುತ್ತದೆ.

ಒಂದು ಕೋಟು ಪೂರ್ತಿ ಒಣಗದೆ ಇನ್ನೊಂದು ಹಾಕಬಾರದು. ಒಣಗಿತೋ ಇಲ್ಲವೋ ಎಂಬುದನ್ನು ಬೆರಳ ತುದಿಗಿಂತ ಬೆರಳ ಗಿಣ್ಣು ಚೆನ್ನಾಗಿ ಹೇಳುತ್ತದೆ, ತಣ್ಣಗೆ ಅಂಟಿದಂತೆ ಅನಿಸಿದರೆ ಕಾಯಿರಿ. ಮೂಸುವುದು ಇನ್ನೂ ಒಳ್ಳೆಯ ಪರೀಕ್ಷೆ. ಎಣ್ಣೆಯ ವಾಸನೆ ಇರುವವರೆಗೆ ಒಳಗೆ ಕೆಲಸ ನಡೆಯುತ್ತಿದೆ ಎಂದೇ ಅರ್ಥ. ಮೂರು ಕೋಟು ಸಾಮಾನ್ಯಕ್ಕೆ ಸಾಕು. ಕೊನೆಯ ಕೋಟಿನ ನಂತರ ಮುದ್ದೆ ಕೋಲನ್ನು ಒಂದು ತಿಂಗಳು ಮೊಳೆಗೆ ತೂಗುಹಾಕಿಡಿ. ಮನೆಯಲ್ಲಿ ಇದಕ್ಕೆ ಒಪ್ಪಿಸುವುದು ನಿಮ್ಮ ಜವಾಬ್ದಾರಿ. ಅವಸರಕ್ಕೆ ಬಿದ್ದು ಅಂಟು ಕೂತಿದ್ದರೆ ಗಾಬರಿ ಬೇಡ. ಟರ್ಪೆಂಟೈನಿನಲ್ಲಿ ಅದ್ದಿದ ಒರಟು ಗೋಣಿಯಿಂದ ತಿಕ್ಕಿ ತೆಗೆದು, ಹೊಸದಾಗಿ ತೆಳ್ಳಗೆ ಹಚ್ಚಬಹುದು. ನನ್ನ ಕಡಲೆಕಾಯಿ ಮಣೆಗೆ ಅಷ್ಟು ಸುಲಭದ ದಾರಿ ಇರಲಿಲ್ಲ. ಬಡಗಿ ಹತ್ತರಿ ಹೊಡೆದು ಮೇಲಿನ ಪದರವನ್ನೇ ತೆಗೆದರು.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಏನು ಮರೆತರೂ ಮರ ಹಾಳಾಗುತ್ತದೆ ಅಷ್ಟೆ. ಮುಂದಿನದನ್ನು ಮರೆತರೆ ಮನೆ ಹೊತ್ತಿಕೊಳ್ಳುತ್ತದೆ. ಎಣ್ಣೆ ಗಾಳಿ ಹೀರುವಾಗ ಬಿಸಿ ಹುಟ್ಟುತ್ತದೆ. ಮರದ ಮೇಲಿನ ತೆಳು ಪದರದಲ್ಲಿ ಆ ಬಿಸಿ ಗಾಳಿಗೆ ಹೋಗಿಬಿಡುತ್ತದೆ. ಒರೆಸಿದ ಬಟ್ಟೆಗಳನ್ನು ಉಂಡೆ ಮಾಡಿ ಮೂಲೆಗೋ ಕಸದ ಬುಟ್ಟಿಗೋ ಎಸೆದರೆ ಬಿಸಿ ಹೋಗಲು ದಾರಿಯಿಲ್ಲ. ಏರುತ್ತ ಏರುತ್ತ ಕೆಲವು ಗಂಟೆಗಳಲ್ಲಿ ಬೆಂಕಿಕಡ್ಡಿ ಸೋಕದೆಯೇ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ. ಬಣವೆಯಲ್ಲಿ ಹಸಿ ಹುಲ್ಲು ಒಟ್ಟಿದರೆ ಒಳಗೆ ಬಿಸಿಯೇರುವುದನ್ನು ಕಂಡ ರೈತರಿಗೆ ಇದು ಅರ್ಥವಾಗುತ್ತದೆ. 1991ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಯ ಕಟ್ಟಡಕ್ಕೆ ಬೆಂಕಿ ಬಿದ್ದದ್ದು ಹೀಗೆಯೇ. ಮರದ ಹಲಗೆಗಳಿಗೆ ಅಗಸೆ ಎಣ್ಣೆ ಹಚ್ಚಿದ ಕೆಲಸಗಾರರು ಬಟ್ಟೆಗಳನ್ನು ಅಲ್ಲೇ ಬಿಟ್ಟು ಹೋಗಿದ್ದರು. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಆದ್ದರಿಂದ ಪ್ರತಿ ಬಟ್ಟೆಯನ್ನೂ ಬಿಡಿಸಿ, ಮಡಿಕೆ ಇಲ್ಲದಂತೆ, ಹೊರಗೆ ತಂತಿಯ ಮೇಲೆ ಒಂದೊಂದಾಗಿ ಹರವಿ. ಹಪ್ಪಳದಂತೆ ಗಟ್ಟಿಯಾದ ಮೇಲೆ ಎಸೆಯಿರಿ. ಅಷ್ಟು ಪುರುಸೊತ್ತಿಲ್ಲವೆಂದರೆ ಬಕೆಟ್ ನೀರಿನಲ್ಲಿ ಮುಳುಗಿಸಿಡಿ.

ಇಷ್ಟೆಲ್ಲ ಮಾಡಿದ ಮೇಲೆ ಸಿಗುವುದೇನು ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ. ಅಂಗಡಿಯ ಪಾಲಿಶಿನ ಕನ್ನಡಿ ಹೊಳಪು ಸಿಗುವುದಿಲ್ಲ. ಆ ಬಗೆಯ ಹೊಳಪು ಬೇಕಿದ್ದರೆ ಚನ್ನಪಟ್ಟಣದ ಗೊಂಬೆಗಳ ಅರಗಿನ ದಾರಿ ಬೇರೆಯೇ ಇದೆ: ತಿರುಗುವ ಆಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಉಜ್ಜಾಟದ ಬಿಸಿಗೆ ಕರಗಿಸಿ ಹಿಡಿಸುವುದು. ಎಣ್ಣೆ ಕೊಡುವುದು ಮಂದವಾದ ಮೈ ಬಣ್ಣ, ಕೈಗೆ ಮರವೇ ಸಿಗುವ ಅನುಭವ. ನೀರಿನ ಲೋಟ ಇಟ್ಟರೆ ಗುರುತು ಬೀಳುತ್ತದೆ, ಆದರೆ ಆ ಜಾಗಕ್ಕಷ್ಟೇ ಮತ್ತೆ ಎಣ್ಣೆ ಸವರಿದರೆ ಮಾಯವಾಗುತ್ತದೆ. ವಾರ್ನಿಷ್ ಎದ್ದರೆ ಪೂರ್ತಿ ಕೆರೆಯಬೇಕು. ಮಳೆ ಬಿಸಿಲಿಗೆ ನೇರ ನಿಲ್ಲುವ ಹೊರಬಾಗಿಲಿಗೆ ಬರೀ ಹಸಿ ಅಗಸೆ ಎಣ್ಣೆಯನ್ನು ನಂಬಿ ಕೂರುವಂತಿಲ್ಲ, ಬೂಸಿಗೆ ಅದು ಊಟ, ಮರ ಕಪ್ಪಾಗುತ್ತದೆ. ಒಳಗಿನ ಸಾಮಾನಿಗೆ ಇನ್ನಷ್ಟು ಮೃದುತನ ಬೇಕೆಂದರೆ ಒಂದು ಪಾಲು ಜೇನುಮೇಣವನ್ನು ನಾಲ್ಕು ಪಾಲು ಎಣ್ಣೆಯಲ್ಲಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ಆರಿದ ಮೇಲೆ ಬೆಣ್ಣೆಯಂತೆ ಹಚ್ಚಿ ಒರೆಸಬಹುದು. ಒಲೆಯ ಮೇಲೆ ನೇರ ಇಡಬೇಡಿ.

ಉಳಿದ ಎಣ್ಣೆಯ ಬಗ್ಗೆ ಒಂದು ಮಾತು. ಅರ್ಧ ಖಾಲಿಯಾದ ಸೀಸೆಯೊಳಗಿನ ಗಾಳಿಯನ್ನೇ ಹೀರಿ ಅದು ಅಲ್ಲೇ ಕೆನೆ ಕಟ್ಟುತ್ತದೆ. ಮಕ್ಕಳ ಗೋಲಿಗಳನ್ನು ತೊಳೆದು ಒಣಗಿಸಿ ಒಂದೊಂದಾಗಿ ಒಳಗೆ ಹಾಕಿ, ಎಣ್ಣೆ ಬಾಯಿವರೆಗೆ ಏರುತ್ತದೆ, ಗಾಳಿಗೆ ಜಾಗವಿರುವುದಿಲ್ಲ. ಕಾಗೆ ಹೂಜಿಗೆ ಕಲ್ಲು ಹಾಕಿದ ಉಪಾಯವೇ.

ಕೊನೆಗೆ ಚಳ್ಳಕೆರೆ, ಹಿರಿಯೂರು, ಚಿತ್ರದುರ್ಗದಲ್ಲಿ ಮರದ ಗಾಣ ಇಟ್ಟಿರುವವರಲ್ಲಿ ಒಂದು ಕೋರಿಕೆ. ಕಡಲೆಕಾಯಿ, ಕೊಬ್ಬರಿಯ ನಡುವೆ ತಿಂಗಳಿಗೊಂದು ದಿನ ಅಗಸೆಯನ್ನೂ ಕುಸುಬೆಯನ್ನೂ ಆಡಿಸಿ, ಕಾಲು ಲೀಟರಿನ ಸೀಸೆಗಳಲ್ಲಿ ತುಂಬಿಡಿ. ಮೇಲೆ ಎಣ್ಣೆ ತೆಗೆದ ದಿನಾಂಕ ಬರೆಯಿರಿ, ಏನೂ ಬೆರೆಸಿಲ್ಲ ಎಂದೂ ಬರೆಯಿರಿ. ಮೊದಲ ಸೀಸೆಗೆ ನಾನೇ ಗಿರಾಕಿ.